ಅಕ್ಕನ ಬಿಳಿ ಬಂಗಾರದ ಗಡಿಯಾರ

ಮದುವೆಯಾದ ಎರಡನೆಯ ವರ್ಷಕ್ಕೇ ಅಕ್ಕ ಗಂಡನನ್ನು ಕಳೆದುಕೊಂಡು ಶಿವಮೊಗ್ಗಕ್ಕೆ, ಅಮ್ಮನ ಹತ್ತಿರ ಬಂದುಬಿಟ್ಟಳು. ಬಳೆ, ಓಲೆ, ಸರ ಎಲ್ಲ ತೆಗೆದಿದ್ದಾಯಿತು. ಆಮೇಲೆ ಹಟ ಹಿಡಿದು ಓದಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. ನಾನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಭಾನುವಾರ ರೈಲು ಹತ್ತಿ ಮನೆಗೆ ಬರುತ್ತಿದ್ದೆ.

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ತಡವಾದೀತೆಂಬ ಭಯಕ್ಕೆ ಅಕ್ಕ ಬಹಳ ಮುಂಚೆ ಹೊರಟು, ಬೀಗ ತೆಗೆಯದ ಶಾಲೆಯ ಜಗಲಿಯ ಮೇಲೆ ಒಬ್ಬಳೇ ಕೂತಿರುತ್ತಿದ್ದಳು. ಒಮ್ಮೆ ರಜೆ ಹಾಕಿ ಬಂದಾಗ ನಾನೇ ಕಣ್ಣಾರೆ ನೋಡಿದೆ. ಸೆರಗು ಹೊದ್ದು, ಚಳಿಗೆ ಮುದುಡಿ ಕೂತಿದ್ದಳು. ಕಾರ್ಖಾನೆ ಸೇರಿದಾಗಿನಿಂದ ಕೂಡಿಟ್ಟ ಹಣ ಯಾತಕ್ಕೆ ಅಂತ ನನಗೆ ಆವತ್ತು ಗೊತ್ತಾಯಿತು. ಅಕ್ಕನಿಗೊಂದು ಗಡಿಯಾರ ಕೊಡಿಸುತ್ತೇನೆ ಅಂದೆ.

"ಕೈಗೆ ಕಟ್ಟೋದಾ? ನೋಡಿದೋರು ಏನಂತಾರೆ?" ಅಂತ ಅಮ್ಮ ಅನುಮಾನಿಸಿದಳು. ಕೊನೆಗೆ, "ಬಂಗಾರದ್ದು ಮಾತ್ರ ಬೇಡ" ಅಂತ ಒಪ್ಪಿದಳು.

ಪೇಟೆಯಲ್ಲಿ ಸಾಹೇಬರೊಬ್ಬರ ಗಡಿಯಾರದ ಅಂಗಡಿಯಿತ್ತು. ಅವರು ಮೊದಲು ತೋರಿಸಿದ ಸಾಧಾರಣ ಗಡಿಯಾರವನ್ನೇ ಹಿಡಿದು ಅಕ್ಕ "ಇದೇ ಸಾಕು" ಅಂದಳು. ಆದರೆ ಅವಳ ಕಣ್ಣು ಪಕ್ಕದ ಡಬ್ಬಿಯ ಮೇಲಿತ್ತು. ಅದರೊಳಗೆ ಹೆಬ್ಬೆರಳಿನ ಉಗುರಿನಷ್ಟು ಸಣ್ಣ, ಚೌಕದ ಗಡಿಯಾರ, ಕಪ್ಪು ಪಟ್ಟಿ.

"ಬೆಳ್ಳೀದಾ?" ಅಂತ ಕೇಳಿದಳು.

"ಬಂಗಾರ ತಾಯಿ, ಬಿಳಿ ಬಂಗಾರ. ಒಬ್ಬರಿಗೆ ಅಂತ ಬೆಂಗಳೂರು ದಂಡಿನ ದೊರೆಗಳ ಅಂಗಡಿಯಿಂದ ತರಿಸಿದ್ದೆ. ಹಳದೀದೇ ಬೇಕು ಅಂತ ಬಿಟ್ಟು ಹೋದ್ರು."

ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. "ಕಟ್ಕೊಂಡು ನೋಡಕ್ಕ" ಅಂತ ನಾನು ಬಲವಂತ ಮಾಡಿದೆ. ಎಷ್ಟೋ ವರ್ಷ ಬೋಳಾಗಿದ್ದ ಆ ಕೈಯನ್ನು ಅವಳು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು.

"ಬಂಗಾರ ಅಂತ ಯಾರಿಗೆ ಗೊತ್ತಾಗುತ್ತೆ ಮಾರಾಯ" ಅಂತ ಮೆಲ್ಲಗೆ ಅಂದಳು. ಅಮ್ಮನಿಗೆ ಬೆಳ್ಳಿ ಅಂತಲೇ ಹೇಳಿದೆವು.

ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಬೇಕು, ಬಿಗಿಯಾದ ಮೇಲೆ ಒತ್ತಬಾರದು, ನೀರು ಸೀಗೆಪುಡಿ ತಾಗಿಸಬಾರದು ಅಂತ ಸಾಹೇಬರು ಹೇಳಿಕೊಟ್ಟಿದ್ದರು. ಅಕ್ಕ ಅದನ್ನು ಮಗುವಿನ ಹಾಗೆ ನೋಡಿಕೊಂಡಳು. ಬಾವಿಗೆ ಹೋಗುವಾಗ ಬಿಚ್ಚಿಡುವಳು. ಸಂಜೆ ಬಂದವಳೇ ಹಳೇ ಪಂಚೆಯ ಚೂರಿನಿಂದ ಸೀಮೆಸುಣ್ಣದ ಧೂಳನ್ನು ಮೂಲೆ ಮೂಲೆಗೂ ಒರೆಸುವಳು. ಮದುವೆಯ ಕುಂಕುಮದ ಭರಣಿ ಖಾಲಿ ಬಿದ್ದಿತ್ತು. ಅದರೊಳಗೆ ಹತ್ತಿ ಹಾಸಿ ಮಲಗಿಸುವಳು.

ವರ್ಷ ಕಳೆದ ಮೇಲೆ ಒಂದು ಭಾನುವಾರ ಕುಂಸಿಯಿಂದ ದೊಡ್ಡಮ್ಮ ಬಂದಿದ್ದರು. ಕಾಫಿ ಕೊಡಲು ಬಂದ ಅಕ್ಕನ ಕೈಯನ್ನು ಅವರು ಹಿಡಿದು ನಿಲ್ಲಿಸಿದರು.

"ಏನೇ ಇದು, ಒಡವೆ ಥರ ಹೊಳೀತಿದೆ? ನಿನಗ್ಯಾಕೆ ಇದೆಲ್ಲ?"

ಅಕ್ಕನ ಮುಖ ಬಿಳಿಚಿಕೊಂಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅಡಿಗೆಮನೆಯಿಂದಲೇ ಹೇಳಿದಳು: "ಬೆಳ್ಳಿ ಕಣಕ್ಕ. ಮೇಷ್ಟ್ರ ಕೆಲಸ ಮಾಡೋರಿಗೆ ಹೊತ್ತು ನೋಡೋಕೆ ಬೇಡ್ವಾ? ಕಾಫಿ ಆರುತ್ತೆ, ಕುಡಿ."

ದೊಡ್ಡಮ್ಮ ಹೋದ ಮೇಲೆ ಅಮ್ಮ ಒಲೆಯ ಮುಂದೆ ಕೂತು ಸೌದೆ ಮುಂದಕ್ಕೆ ತಳ್ಳುತ್ತಾ ಹೇಳಿದಳು. "ಬೆಳ್ಳಿಯಾಗಿದ್ರೆ ಇಷ್ಟು ಹೊತ್ತಿಗೆ ಕಪ್ಪಾಗ್ತಿರಲಿಲ್ವಾ? ನಾನೇನು ಬೆಳ್ಳಿ ಪಾತ್ರೆ ತಿಕ್ಕದೋಳಾ?"

ಅಕ್ಕ ಹೋಗಿ ಅಮ್ಮನ ಪಕ್ಕದಲ್ಲಿ ಕೂತಳು. ಅಮ್ಮ ಅವಳ ಕಡೆ ತಿರುಗದೆ, ಬೂದಿ ಮೆತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವಳ ಬೆನ್ನ ಮೇಲಿಟ್ಟಳು.

ಮುಂದಿನ ವಾರ ನಾನು ಬಂದಾಗ ಅವರಿಬ್ಬರೂ ಬಾಗಿಲ ಹೊಸ್ತಿಲ ಒಳಗೆ ಕೂತಿದ್ದರು. ಅಕ್ಷರ ಬಾರದ ಅಮ್ಮನಿಗೆ ಅಕ್ಕ ಗಂಟೆ ನೋಡುವುದನ್ನು ಕಲಿಸುತ್ತಿದ್ದಳು. ಅಮ್ಮ ಗಡಿಯಾರವನ್ನು ಎರಡೂ ಅಂಗೈಯಲ್ಲಿ ಇಟ್ಟುಕೊಂಡು, ಕಣ್ಣು ಕಿರಿದು ಮಾಡಿ, "ಸಣ್ಣ ಮುಳ್ಳು ಇಲ್ಲಿದೆ. ಹಾಗಾದ್ರೆ ಹನ್ನೊಂದಾ?" ಅಂದಳು.

"ಇನ್ನೂ ಆಗಿಲ್ಲಮ್ಮ, ಸ್ವಲ್ಪ ಇದೆ" ಅಂದಳು ಅಕ್ಕ.

"ಆಗಲಿ, ಕಾಯೋಣ" ಅಂದು ಅಮ್ಮ ಹಾಗೇ ಹಿಡಿದುಕೊಂಡು ಕೂತಳು.