ಒರೆಸಿದ್ದೋ, ಇಳಿದದ್ದೋ

ಎಡಗೈಯ ಹೆಬ್ಬೆರಳೇ ಇರಬೇಕು. ಅಥವಾ ಅವಳು ಎಲ್ಲ ಬೆರಳುಗಳನ್ನೂ ಕಚ್ಚುತ್ತಿದ್ದಳೋ, ನಾನು ಒಂದನ್ನಷ್ಟೇ ಉಳಿಸಿಕೊಂಡಿದ್ದೇನೋ. ಆ ಬೆರಳಿನ ಉಗುರು ಬುಡದವರೆಗೆ ಸವೆದು, ಸುತ್ತಲಿನ ಚರ್ಮ ಸುಲಿದು ಕೆಂಪಾಗಿತ್ತು. ಅದಕ್ಕೇ ಅವಳು ಕೈಗವಸು ಹಾಕದೆ ನಮ್ಮ ಅಪ್ಪನ ಗಾಯದ ಕಾಲನ್ನು ಮುಟ್ಟುತ್ತಿರಲಿಲ್ಲ ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಗಾಯ ಕಟ್ಟುವವರೆಲ್ಲರೂ ಕೈಗವಸು ಹಾಕುತ್ತಾರೆ ಎಂಬುದು ಆಮೇಲೆ ಹೊಳೆಯಿತು. ನನ್ನ ನೆನಪಿನ ಚಾಳಿಯೇ ಅದು. ಪಕ್ಕದಲ್ಲಿ ಬಿದ್ದಿದ್ದ ಎರಡು ಸಂಗತಿಗಳನ್ನು ಎತ್ತಿಕೊಂಡು, ಒಂದರಿಂದ ಇನ್ನೊಂದಾಯಿತು ಎಂದು ಗಂಟು ಹಾಕಿಬಿಡುತ್ತದೆ. ಆದ್ದರಿಂದ ಮುಂದಿನದನ್ನೂ ಸ್ವಲ್ಪ ಅನುಮಾನದಿಂದಲೇ ಓದಬೇಕು.

ಅವಳನ್ನು ನಾವು ಸಿಸ್ಟರಮ್ಮ ಎನ್ನುತ್ತಿದ್ದೆವು. ನನಗಿಂತ ಎಷ್ಟೋ ಚಿಕ್ಕವಳು. ಫಿಲಿಪ್ಪೀನ್ಸ್‌ನ ಯಾವುದೋ ದ್ವೀಪದವಳು, ನರ್ಸಿಂಗ್ ಓದಿದ್ದಳು. ಹೋಗಿ ಸೇವೆ ಮಾಡಿ ಬಾ ಎಂದು ಅವಳ ಚರ್ಚಿನವರು ಕಳಿಸಿದ್ದರು. ನಮ್ಮ ದೊಡ್ಡಬಳ್ಳಾಪುರದಿಂದ ಪಕ್ಕದ ಮಧುರೆ ಹಳ್ಳಿಗೆ ಹೋಗುವ ದಾರಿಯಲ್ಲಿ, ಯಾರೂ ಇಲ್ಲದ ಮುದುಕರನ್ನು ಇಟ್ಟುಕೊಂಡು ಸಾಕುವ ಒಂದು ಮನೆಯಲ್ಲಿ ಕೆಲಸ; ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆ. ಕೆಳಗೆ ನಮ್ಮ ಮಗ್ಗಗಳು. ನಮ್ಮ ಬೀದಿಯಲ್ಲಿ ಮನೆಮನೆಗೂ ಕರೆಂಟಿನ ಮಗ್ಗಗಳಿವೆ. ಮಾತಾಡುವವರು ಕೂಗಿಯೇ ಮಾತಾಡಬೇಕು. ಬಾಡಿಗೆಗೆ ಬಂದವರು ಒಂದು ವಾರದಲ್ಲಿ ತಲೆನೋವೆಂದು ಖಾಲಿ ಮಾಡುತ್ತಿದ್ದರು. ಅವಳು ಮಾತ್ರ ಆ ಸದ್ದಿನಲ್ಲಿ ಚೆನ್ನಾಗಿ ನಿದ್ದೆ ಬರುತ್ತದೆ ಎಂದಳು. ಅವರ ಊರಿನ ತಗಡಿನ ಮನೆಯ ಮೇಲೆ ಮಳೆ ಹೊಡೆದಂತಿದೆಯಂತೆ.

ಅವಳಿಗೆ ಭಯವಾಗುತ್ತಿದ್ದುದು ಮಗ್ಗ ನಿಂತಾಗ. ಕರೆಂಟು ಹೋದರೆ ಇಡೀ ಬೀದಿಯ ಮಗ್ಗಗಳು ಒಮ್ಮೆಲೇ ನಿಲ್ಲುತ್ತವೆ. ಆಗ ಮೆಟ್ಟಿಲ ಮೇಲೆ ಅವಳು ಓಡಿ ಇಳಿಯುವ ಸದ್ದು ಕೇಳುತ್ತಿತ್ತು. ಅವರ ದ್ವೀಪಕ್ಕೆ ಚಂಡಮಾರುತ ಬಂದಾಗ ಗಾಳಿ ನಡುವೆ ಸ್ವಲ್ಪ ಹೊತ್ತು ಪೂರ್ತಿ ನಿಲ್ಲುತ್ತದಂತೆ. ಮುಗಿಯಿತು ಎಂದು ಹೊರಗೆ ಬಂದವರನ್ನು ಅದು ಹೊತ್ತುಕೊಂಡು ಹೋಗುತ್ತದಂತೆ. ಇದನ್ನು ಅವಳು ಕೈಸನ್ನೆಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದಳು.

ಅವಳಷ್ಟು ಹೆದರುವವರನ್ನು ನಾನು ಬೇರೆ ಕಂಡಿಲ್ಲ. ಬೀದಿನಾಯಿಗೆ, ಪಟಾಕಿಗೆ, ಬಸ್ಸಿನ ಬಾಗಿಲಲ್ಲಿ ನೇತಾಡುವವರಿಗೆ, ನಮ್ಮ ಹಿತ್ತಲ ಹಲ್ಲಿಗೂ ಹೆದರುತ್ತಿದ್ದಳು. ಆದರೆ ಕರೆದರೆ ಬರದೆ ಇರುತ್ತಿರಲಿಲ್ಲ. ಮಹಡಿಯಿಂದ ಬಗ್ಗಿ ನೋಡಿ, ನಾಯಿ ಬಾಗಿಲಲ್ಲೇ ಮಲಗಿರುವುದನ್ನು ಕಂಡು, "ಭಯ ಇದೆ. ಬರ್ತೀನಿ" ಎನ್ನುತ್ತಿದ್ದಳು. ನಾನು ಕಲಿಸಿದ ಕನ್ನಡದಲ್ಲಿ ಅವಳು ತಾನೇ ಜೋಡಿಸಿಕೊಂಡ ಮೊದಲ ಮಾತು ಅದು. ನಡುವೆ ಒಂದು 'ಆದರೂ' ಸೇರಿಸು ಎಂದು ತಿದ್ದಿದೆ. ಅವಳು ಸೇರಿಸಲಿಲ್ಲ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಗಾಯ ಮಾಗದೆ ಕೊಳೆಯುತ್ತಾ ಬಂದು, ಪಾದ ತೆಗೆಯಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದರು. ಬಾಡಿಗೆಗೆ ಬಂದ ತಿಂಗಳಲ್ಲಿ ಸಿಸ್ಟರಮ್ಮ ಅದನ್ನು ನೋಡಿದಳು. ಅಂದಿನಿಂದ ಕೆಲಸ ಮುಗಿಸಿ ಬಂದವಳು ನೆಲದ ಮೇಲೆ ಕೂತು, ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರಿಟ್ಟುಕೊಂಡು, ಪಾದ ತೊಳೆದು ಪಟ್ಟಿ ಬದಲಾಯಿಸುತ್ತಿದ್ದಳು. ಹೆಣ್ಣುಮಗಳು ಕಾಲು ಹಿಡಿಯುವುದೇ ಎಂದು ಅಪ್ಪ ಮೊದಮೊದಲು ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಪಟ್ಟಿ ಬಿಚ್ಚುವ ಮೊದಲು ಅವಳು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದಳು. ಪ್ರಾರ್ಥನೆಯೇ ಎಂದು ಕೇಳಿದೆ. ನಾಚಿಕೊಂಡು, "ವಾಸನೆ" ಎಂದಳು. ಎರಡೂ ಇದ್ದಿರಬಹುದು.

ನಮ್ಮ ಮನೆಗೆ ಶುಕ್ರವಾರ ಯಾವ ಹೆಂಗಸು ಬಂದರೂ ಅಮ್ಮ ಅರಿಶಿನ ಕುಂಕುಮ ಕೊಡದೆ ಕಳಿಸುವುದಿಲ್ಲ. ಸಿಸ್ಟರಮ್ಮನ ಮುಂದೆಯೂ ತಟ್ಟೆ ಹಿಡಿಯುತ್ತಿದ್ದಳು. ಅವಳು ತಟ್ಟೆಯ ಅಂಚನ್ನು ಮುಟ್ಟಿ, ಬಾಳೆಹಣ್ಣನ್ನಷ್ಟೇ ತೆಗೆದುಕೊಂಡು ಕೈ ಮುಗಿಯುತ್ತಿದ್ದಳು. ಕುಂಕುಮ ಬೇಡವೆಂದು ಬಾಯಿಬಿಟ್ಟು ಹೇಳಿದ್ದಿಲ್ಲ. ಇಟ್ಟುಕೋ ಎಂದು ಅಮ್ಮ ಒತ್ತಾಯ ಮಾಡಿದ್ದೂ ಇಲ್ಲ. ಕುರ್ತಾದ ಒಳಗೆ ಸಣ್ಣ ಶಿಲುಬೆ ಇತ್ತು. ಬೀದಿಗೆ ಇಳಿಯುವಾಗ ಅದನ್ನು ಒಳಗೇ ಇಟ್ಟುಕೊಳ್ಳಬೇಕೆಂದು ಅವಳ ಹಿರಿಯರು ಹೇಳಿದ್ದರಂತೆ. ಮತದ ಮಾತಾಡಲು ಅವಳಿಗೆ ಅನುಮತಿ ಇರಲಿಲ್ಲ. ಅವಳು ಆಡಿದ್ದನ್ನು ನಾನು ಕೇಳಿಲ್ಲ. ಯಾರಾದರೂ ಠಾಣೆಯಲ್ಲಿ ಒಂದು ದೂರು ಬರೆಸಿದರೆ ವೀಸಾ ಹೋಗುತ್ತದೆ, ಊರಿಗೆ ವಾಪಸು ಕಳಿಸುತ್ತಾರೆ ಎಂದು ಮಾತ್ರ ಹೇಳಿದ್ದಳು. ಆಗ ಬೆರಳು ಬಾಯಲ್ಲಿತ್ತು.

ಆ ವಿಡಿಯೋವನ್ನು ಯಾರು ತೆಗೆದರೋ ಗೊತ್ತಾಗಲಿಲ್ಲ. ನಮ್ಮ ಕಿಟಕಿಯ ಆಚೆಯಿಂದ ತೆಗೆದದ್ದು. ಅದರಲ್ಲಿ ಅವಳು ಅಪ್ಪನ ಪಾದದ ಮುಂದೆ ಕಣ್ಣು ಮುಚ್ಚಿ ಕೂತಿದ್ದಾಳೆ. ಬೇಸಿನ್ನು ಕಾಣುತ್ತದೆ, ನೀರು ಕಾಣುತ್ತದೆ, ಗಾಯ ಕಾಣುವುದಿಲ್ಲ. ಕೆಳಗೆ, ಮನೆಯೊಳಗೇ ನೀರು ಮುಟ್ಟಿಸಿ ಮತಾಂತರ ಮಾಡುತ್ತಿದ್ದಾರೆ ಎಂದು ಬರೆದಿದ್ದರು. ಬೆಳಗ್ಗೆ ನನ್ನ ಫೋನಿಗೇ ಅದು ಬಂತು, ನಮ್ಮ ನೆಂಟರ ಗುಂಪಿನಿಂದ. ಅವಳಿಗೆ ಅಂದು ರಜೆ. ತೋರಿಸಿದೆ. ಅವಳು ಎರಡು ಸಲ ನೋಡಿ, ಫೋನನ್ನು ನನ್ನ ಕೈಗಿಟ್ಟು ಮಹಡಿಗೆ ಹೋದಳು. ಮಧ್ಯಾಹ್ನ ಪಟ್ಟಿ ಬದಲಾಯಿಸಲು ಮಾತ್ರ ಎಂದಿನಂತೆ ಕೆಳಗೆ ಬಂದಳು.

ಪಟ್ಟಿ ಬಿಚ್ಚಿ ಗಾಯ ತೊಳೆಯುತ್ತಿರುವಾಗ ಕರೆಂಟು ಹೋಯಿತು. ಬೀದಿ ನಿಂತಿತು. ಆ ನಿಶ್ಶಬ್ದದಲ್ಲಿ ಗೇಟಿನ ಚಿಲಕ ತೆಗೆದ ಸದ್ದು ಕೇಳಿಸಿತು. ಇಪ್ಪತ್ತು ಜನ ಬಂದಿದ್ದರು ಎಂದು ಅಮ್ಮ ಈಗಲೂ ಹೇಳುತ್ತಾಳೆ. ನನ್ನ ಲೆಕ್ಕದಲ್ಲಿ ಏಳೆಂಟು. ಭಯ ಯಾರ ಲೆಕ್ಕವನ್ನು ಹೆಚ್ಚು ಕೆಡಿಸಿತೋ. ಮುಂದೆ ನಿಂತಿದ್ದವನು ನಮ್ಮ ದೊಡ್ಡಪ್ಪನ ಮಗ. ನಮ್ಮ ಮಗ್ಗ ಕೆಟ್ಟರೆ ರಿಪೇರಿಗೆ ಬರುವವನೂ ಅವನೇ.

"ಚಿಕ್ಕಮ್ಮ, ಆ ಹುಡುಗೀನ ಆಚೆ ಕಳ್ಸಿ. ಮಾತಾಡ್ಬೇಕು."

"ನಿಮ್ಮ ಚಿಕ್ಕಪ್ಪ ಕಾಲು ಬಿಚ್ಕೊಂಡು ಕೂತವ್ರೆ ಕಣೋ. ಕಟ್ಟೋವರ್ಗೂ ಇರು."

"ಕಟ್ಟೋಳೇ ಬೇಕಾಗಿರೋದು ನಮ್ಗೆ. ಸ್ಟೇಷನ್‌ಗೆ ಕರ್ಕೊಂಡ್ ಹೋಗ್ತೀವಿ. ಅಲ್ಲೇ ಹೇಳ್ಲಿ ಏನ್ ಮಾಡ್ತಿದ್ಲು ಅಂತ."

ಹಿಂದಿನಿಂದ ಯಾರೋ ನಕ್ಕು, ಕಾಲು ಹಿಡಿಯೋ ನೆಪದಲ್ಲಿ ಮುದುಕನ ತಲೆ ಕೆಡಿಸವಳೆ ಎಂದರು. ಕೆಲವರು ಫೋನುಗಳನ್ನು ಎತ್ತಿ ಹಿಡಿದಿದ್ದರು. ಹಿಂದಿನ ಬಾಗಿಲು ಹಾಕಿದೆಯೇ ಎಂದು ನೋಡಲು ನಾನು ಮಗ್ಗಗಳ ನಡುವೆ ನಡೆದೆ. ಅಥವಾ ಅಲ್ಲಿಂದ ಓಡಿಹೋಗುವ ಯೋಚನೆಯಿತ್ತೋ. ತಿರುಗಿ ಬರುವಾಗ ಅಮ್ಮ ಮುಂಬಾಗಿಲು ಮುಚ್ಚಿ, ದೇವರ ಗೂಡಿನ ಕುಂಕುಮದ ಬಟ್ಟಲನ್ನು ಕೈಯಲ್ಲಿ ಹಿಡಿದಿದ್ದಳು.

ಎಂದಿನ ದಿನ ಅಮ್ಮ ಮೊದಲು ಹಣೆಗೆ ಒಂದು ತೊಟ್ಟು ಎಣ್ಣೆ ಮುಟ್ಟಿಸಿ, ಅದರ ಮೇಲೆ ಒಣ ಕುಂಕುಮ ಒತ್ತುತ್ತಾಳೆ. ಹಾಗೆ ಇಟ್ಟದ್ದು ಸಂಜೆಯವರೆಗೆ ಕದಲುವುದಿಲ್ಲ. ಅಂದು ಬೇಸಿನ್ನು ಎತ್ತಿಟ್ಟ ಒದ್ದೆ ಬೆರಳನ್ನೇ ಬಟ್ಟಲಿಗೆ ಅದ್ದಿದಳು.

"ಸುಮ್ನಿರು ತಾಯಿ. ಹಣೇಲಿ ಕುಂಕುಮ ಇರೋಳ್ನ ಯಾರೂ ಏನೂ ಅನ್ನಲ್ಲ."

ಸಿಸ್ಟರಮ್ಮ ತಲೆಯನ್ನು ಹಿಂದಕ್ಕೆಳೆದುಕೊಂಡಳು. ಆದರೆ ಹಿಂದೆ ಗೋಡೆ ಇತ್ತು. ಅಮ್ಮನ ಬೆರಳು ಹಣೆಗೆ ಒತ್ತಿತು. ಅವಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು, ಕೋಪವಿರಲಿಲ್ಲ. ಏನಿತ್ತು ಎಂದು ಬರೆಯಲು ಹೋದರೆ ನಾನು ಕಟ್ಟಿ ಹೇಳಿದಂತಾಗುತ್ತದೆ. ಅವಳು ಇಂಗ್ಲಿಷಿನಲ್ಲಿ, ಇದು ಸುಳ್ಳಾಗುವುದಿಲ್ಲವೇ ಎಂದು ನನ್ನನ್ನು ಕೇಳಿದಳು. ಹೊರಗೆ ಬಾಗಿಲನ್ನು ತಟ್ಟಿದರು.

"ಭಯ ಇದೆ" ಎಂದಳು. ಎದ್ದಳು. "ಬರ್ತೀನಿ."

ಮಗ್ಗದ ಕೋಣೆಯ ಅರೆಗತ್ತಲಲ್ಲಿ ಅವಳು ಮುಂದೆ, ಅಮ್ಮ ಹಿಂದೆ, ನಾನು ಇನ್ನೂ ಹಿಂದೆ. ನನಗೆ ಕಂಡದ್ದು ಬೆನ್ನು ಮಾತ್ರ. ಬಾಗಿಲು ತೆರೆದು ಬಿಸಿಲು ಒಳಗೆ ಬಂತು. ಹೊಸ್ತಿಲ ಹತ್ತಿರ ಅವಳ ಎಡಗೈ ಮುಖದ ಕಡೆಗೆ ಏರಿ, ಕೆಳಗಿಳಿಯಿತು. ಕೈಗವಸು ಹಾಗೇ ಇತ್ತು.

ಬಂದವರ ಮುಖಗಳು ಬದಲಾದದ್ದು ನನಗೆ ಮೊದಲು ಕಂಡಿತು. ಪಕ್ಕಕ್ಕೆ ಸರಿದು ನೋಡಿದೆ. ಹಣೆಯಿಂದ ಮೂಗಿನ ಪಕ್ಕದಲ್ಲಿ ತುಟಿಯವರೆಗೆ ಕೆಂಪು ಗೆರೆ ಇಳಿದಿತ್ತು. ಒಂದು ಹುಬ್ಬು ಪೂರ್ತಿ ಕೆಂಪು.

"ಯಾರ‍್ಲಾ ಹೊಡ್ದಿದ್ದು?" ಎಂದ ದೊಡ್ಡಪ್ಪನ ಮಗ. ಕೇಳಿದ್ದು ನಮ್ಮನ್ನಲ್ಲ. ತನ್ನ ಹಿಂದೆ ನಿಂತವರನ್ನು. ಕಿಟಕಿಗೆ ಯಾರೋ ಕಲ್ಲೆಸೆದಿದ್ದಾರೆ ಎಂದುಕೊಂಡನಂತೆ.

"ನಾನಲ್ಲಪ್ಪ. ನಾನ್ ಗೇಟ್ ಬಿಟ್ಟು ಒಳಗೇ ಬಂದಿಲ್ಲ."

"ಫಾರಿನ್ ಹುಡ್ಗಿ ಗುರು. ಕೇಸಾಗ್ಬಿಡುತ್ತೆ."

ಫೋನುಗಳು ಕೆಳಗಿಳಿದವು. ಹಿಂದಿನವರು ಹಿಂದಕ್ಕೆ ಸರಿದರು, ಗೇಟಿನ ಬಳಿಯವರು ಗೇಟಿನಾಚೆಗೆ. ಅದು ರಕ್ತವಲ್ಲವೆಂದು ನಮ್ಮಲ್ಲಿ ಯಾರೂ ಹೇಳಲಿಲ್ಲ. ಸಿಸ್ಟರಮ್ಮನಿಗೆ ತನ್ನ ಮುಖ ಹೇಗಿದೆಯೆಂದು ಗೊತ್ತೇ ಇರಲಿಲ್ಲ. ಅವಳು ದೊಡ್ಡಪ್ಪನ ಮಗನಿಗೆ, "ಕಾಲು ತೆರೆದಿದೆ. ಒಳಗೆ ಬನ್ನಿ, ನೋಡಿ" ಎಂದಳು.

ಅವನು ಒಬ್ಬನೇ ಬಂದ. ಅಪ್ಪನ ಗಾಯ ನೋಡಿದ. ಅಷ್ಟರಲ್ಲಿ ಕರೆಂಟು ಬಂದು ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ಹೊಡೆದುಕೊಂಡವು. ಅವನು ಬೆಚ್ಚಿ ಗೋಡೆ ಹಿಡಿದ. ಅಪ್ಪ ಅವನ ಕಿವಿಯ ಹತ್ತಿರ ಕೂಗಿ ಏನೋ ಹೇಳಿದರು. ಏನೆಂದು ಇಬ್ಬರೂ ನನಗೆ ಹೇಳಿಲ್ಲ. ದೂರು ದಾಖಲಾಗಲಿಲ್ಲ.

ಅವಳು ಕೈಗವಸು ಕಳಚಿ, ಹಳೆಯ ಪಟ್ಟಿಯ ಜೊತೆ ಕವರಿಗೆ ಹಾಕಿ ಕಟ್ಟಿದಳು. ಅದರ ಬೆರಳಿಗೆ ಕೆಂಪು ಅಂಟಿತ್ತೇ ಎಂದು ನೋಡಬಹುದಿತ್ತು. ಅಂಟಿದ್ದರೂ ಅಪ್ಪನ ಗಾಯದ್ದಿರಬಹುದಿತ್ತು. ನಲ್ಲಿಯ ಕೆಳಗೆ ಬಹಳ ಹೊತ್ತು ಮುಖ ತೊಳೆದಳು. ನಿನ್ನ ದೇವರು ಮುನಿಸಿಕೊಳ್ಳುತ್ತಾನೇನೇ ಎಂದು ಅಮ್ಮ ಕೇಳಿದ್ದಕ್ಕೆ, ಗೊತ್ತಿಲ್ಲ ಎಂದಳು. ಮುಂದಿನ ಶುಕ್ರವಾರ ಅಮ್ಮ ತಟ್ಟೆ ಹಿಡಿದಳು. ಅವಳು ಅಂಚು ಮುಟ್ಟಿ ಬಾಳೆಹಣ್ಣು ತೆಗೆದುಕೊಂಡಳು.

ಅಪ್ಪನ ಗಾಯ ಮಾಗಿತು. ಸೇವೆಯ ಅವಧಿ ಮುಗಿದು ಅವಳು ಹೋದಳು. ಸ್ವಲ್ಪ ಕಾಲ ಫೋನಿಗೆ ಸಂದೇಶಗಳು ಬರುತ್ತಿದ್ದವು. ದೊಡ್ಡ ಗಾಳಿ ಬರುತ್ತಿದೆ, ಶಾಲೆಯ ಕಟ್ಟಡಕ್ಕೆ ಹೋಗುತ್ತಿದ್ದೇವೆ, ಅಪ್ಪನ ಕಾಲು ಹೇಗಿದೆ ಎಂದು ಒಮ್ಮೆ ಬರೆದಿದ್ದಳು. ಆಮೇಲೆ ಏನೂ ಬರಲಿಲ್ಲ. ನಾನು ಕಳಿಸಿದ್ದಕ್ಕೂ ಉತ್ತರವಿಲ್ಲ. ಅಪ್ಪ ದಿನವೂ ಬಸ್ ಸ್ಟ್ಯಾಂಡಿನವರೆಗೆ ನಡೆದು ಬರುತ್ತಾರೆ.

ಒದ್ದೆ ಬೆರಳಲ್ಲಿ ಇಟ್ಟದ್ದು ಬೆವರಿಗೆ ತಾನೇ ಇಳಿಯಿತು ಎಂದು ಅಮ್ಮ. ಅವಳು ಒರೆಸಿಕೊಂಡದ್ದನ್ನು ಕಣ್ಣಾರೆ ಕಂಡೆ, ರಕ್ತ ಒರೆಸುತ್ತಿದ್ದಾಳೆ ಎಂದುಕೊಂಡೆ ಎಂದು ದೊಡ್ಡಪ್ಪನ ಮಗ. ಅವನು ಇದನ್ನು ಹೇಳಿದ್ದು ಅದು ಕುಂಕುಮವೆಂದು ತಿಳಿದ ಮೇಲೆ. ನಾನು ಕಂಡದ್ದು ಏರಿ ಇಳಿದ ಒಂದು ಕೈ. ಹೆದರಿದಾಗ ಆ ಬೆರಳು ಬಾಯಿಗೆ ಹೋಗುವುದು ಅವಳ ಅಭ್ಯಾಸ, ಅದಕ್ಕೆ ಹೋಗಿರಬಹುದು. ಅಷ್ಟು ಜನರ ಮುಂದೆ ತನ್ನದಲ್ಲದ ಗುರುತನ್ನು ಹೊತ್ತು ನಿಲ್ಲಬಾರದೆಂದು ಹಣೆಗೇ ಹೋಗಿರಬಹುದು. ಹೊರಡುವ ವಾರ ಅವಳನ್ನೇ ಕೇಳಿದೆ. ಯೋಚಿಸಿದಳು. "ಭಯ ಇತ್ತು. ಅದು ಮಾತ್ರ ನೆನಪಿದೆ" ಎಂದಳು.

ಅವಳು ಒರೆಸಿಕೊಂಡಳೋ ಇಲ್ಲವೋ ನನಗೆ ಗೊತ್ತಿಲ್ಲ. ಈಗ ಎಲ್ಲಿದ್ದಾಳೆಂಬುದೂ ಗೊತ್ತಿಲ್ಲ.