ಬಾಯಿಮಾತಿಗೆ ಕರೆದೆ, ಪಿಕಪ್ಪಿನಲ್ಲಿ ಬಂದರು

ಗೆಳೆಯರೇ, ಇವತ್ತು ಗುರುವಾರದ ರಜೆಯೆಂದು ಹೆಂಡತಿಯನ್ನು ಕರ್ಕೊಂಡು ಈ ಅರಬ್ ನಾಡಿನ ಹಳೇ ಊರು ನಿಜ್ವಾ ನೋಡಲು ಹೋದೆ. ಹಳೇ ಪೇಟೆ, ಕೋಟೆ, ಆಮೇಲೆ ಅಲ್ಲೇ ಹತ್ತಿರದ ಬಹ್ಲಾ, ಜಬ್ರೀನ್ ಕೋಟೆಗಳು ಎಂದು ದೊಡ್ಡ ಪಟ್ಟಿಯೇ ಇತ್ತು. ಪೇಟೆಯ ಮೊದಲ ಅಂಗಡಿಯಲ್ಲೇ ಹಲ್ವಾ ಮಾರುವ ಅಜ್ಜನೊಬ್ಬರು ಕೂರಿಸಿ ಕಾಫಿ, ಖರ್ಜೂರ ಕೊಟ್ಟರು. ಏಳುವಾಗ ನಮ್ಮೂರಿನ ಅಭ್ಯಾಸ ಬಿಡುತ್ತದೆಯೇ? "ನೀವೂ ಒಮ್ಮೆ ರೂವಿಗೆ, ನಮ್ಮ ಮನೆಗೆ ಬನ್ನಿ" ಎಂದು ಹರಕು ಹಿಂದಿಯಲ್ಲಿ ಅಂದುಬಿಟ್ಟೆ.

ಅಜ್ಜ ಎದೆಯ ಮೇಲೆ ಕೈಯಿಟ್ಟು, "ಇವತ್ತೇ ಬರ್ತೇವೆ, ಯಲ್ಲಾ, ನಡೀರಿ!" ಅಂದರು. ಅಂಗಡಿ ಮುಚ್ಚಿದರು. ಹತ್ತೇ ನಿಮಿಷದಲ್ಲಿ ಅವರ ಪಿಕಪ್ಪಿನಲ್ಲಿ ಮಕ್ಕಳು ಮೊಮ್ಮಕ್ಕಳು ಸೇರಿ ಒಂಬತ್ತು ಜನ. ನಿಜ್ವಾದ ಕೋಟೆಯನ್ನು ನಾನು ಕಾರಿನ ಕನ್ನಡಿಯಲ್ಲಿ ನೋಡಿದೆ. ಅದಕ್ಕೂ ಅವರ ಪಿಕಪ್ ಅಡ್ಡ.

ಎರಡು ಗಂಟೆಯ ದಾರಿಯಲ್ಲಿ ಹೆಂಡತಿ ಆಡಿದ್ದು ಒಂದೇ ಮಾತು: "ಫ್ರಿಜ್ಜಿನಲ್ಲಿ ಇರುವುದು ಆರೇ ಬಂಗುಡೆ. ಕರೆದವರು ನೀವು, ಪಾಲು ಮಾಡುವುದೂ ನೀವೇ."

ಉಂಡು, ಮಾತಾಡಿ, ಸಂಜೆ ಹೊರಟರು. ಮೆಟ್ಟಿಲ ಹತ್ತಿರ ಅಜ್ಜನ ಕೈ ಹಿಡಿದದ್ದೇ ತಡ, ನನ್ನ ಬಾಯಿ ಮತ್ತೆ ತಾನಾಗಿ ತೆರೆಯಿತು: "ಆಗಾಗ ಬರ್ತಾ ಇರಿ."

"ಮುಂದಿನ ಗುರುವಾರ," ಅಂದರು ಅಜ್ಜ. "ತಮ್ಮನ ಮನೆಯವರನ್ನೂ ಕರ್ಕೊಂಡು ಬರ್ತೇನೆ."

ಹಿಂದೆ ಹೆಂಡತಿ ಬಾಗಿಲು ಹಾಕಿಕೊಂಡ ಸದ್ದಾಯಿತು.

ಇದನ್ನು ನಮ್ಮ ಕನ್ನಡ ಸಂಘದ ನೋಟಿಸ್ ಬೋರ್ಡಿಗೆ ಅಂಟಿಸುತ್ತಿರುವುದು ಒಂದೇ ಕಾರಣಕ್ಕೆ. ನಿಮ್ಮಲ್ಲಿ ಯಾರನ್ನಾದರೂ ನಾನು ಮನೆಗೆ ಕರೆದಿದ್ದರೆ, ದಯವಿಟ್ಟು ನಮ್ಮೂರಿನವರ ಹಾಗೆ "ಬರುವ, ಬರುವ" ಅನ್ನಿ, ಬರಬೇಡಿ.