ಸೋಮವಾರ ಸಿಕ್ಕ ಬೋಲ್ಟು

ದೆವ್ವ, ಶಕುನ, ಕಣಿ ಇವುಗಳ ಮಾತು ಬಂದರೆ ಎದ್ದು ಹೋಗುವವನು ನಾನು. ಮುರಿದ ಕಬ್ಬಿಣ ನೋಡಿ ಅದು ಯಾಕೆ ಮುರಿಯಿತೆಂದು ಹೇಳುವುದೇ ನನ್ನ ಉದ್ಯೋಗವಾಗಿತ್ತು. ಯಾವುದೂ ಸುಮ್ಮನೆ ಮುರಿಯುವುದಿಲ್ಲ ಎಂದು ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಗೌರಿಬಿದನೂರಿನ ಹತ್ತಿರ ನಡೆದದ್ದನ್ನು ಮುಚ್ಚಿಟ್ಟುಕೊಂಡು ಹೀಗೆ ಹೇಳಿದರೆ ನಿಮಗೆ ಅರ್ಧ ಸತ್ಯ ಹೇಳಿದಂತೆ.

ಅರವತ್ತರ ದಶಕದ ಆರಂಭ. ವಿಮಾನ ಅಪಘಾತಗಳ ತನಿಖೆ ಮಾಡುವ ಕಚೇರಿಯಲ್ಲಿ ನಾನು ಕಿರಿಯ ಎಂಜಿನಿಯರ್. ಬೆಂಗಳೂರಿನ ಒಂದು ತರಬೇತಿ ಶಾಲೆಯವರು ಗೌರಿಬಿದನೂರಿನಿಂದ ಐದಾರು ಮೈಲಿ ದೂರದ ಗೋಮಾಳವೊಂದರಲ್ಲಿ ಪುಟ್ಟ ವಿಮಾನಗಳನ್ನು ಇಳಿಸಿ ಅಭ್ಯಾಸ ಮಾಡಿಸುತ್ತಿದ್ದರು. ಒಂದು ಬುಧವಾರ ಬೆಳಿಗ್ಗೆ ಅಂಥ ಒಂದು ವಿಮಾನ ನೆಲ ಮುಟ್ಟಿದ್ದೇ ತಡ, ಎಡಚಕ್ರವನ್ನು ಹಿಡಿದಿದ್ದ ಕಾಲು ಮಡಚಿಕೊಂಡು, ರೆಕ್ಕೆ ನೆಲಕ್ಕೆ ಊರಿ ಗಿರಕಿ ಹೊಡೆಯಿತು. ಒಬ್ಬನೇ ಹಾರಿಸುತ್ತಿದ್ದ ವಿದ್ಯಾರ್ಥಿಯ ಹೆಗಲಮೂಳೆ ಮುರಿಯಿತು. ಅವನು ಚಿಂತಾಮಣಿ ಕಡೆಯ ರೈತರ ಮನೆಯವನು. ಅವರ ಸೀಮೆಯಲ್ಲಿ ವಿಮಾನ ಹತ್ತಿದವನೇ ಅವನೊಬ್ಬ.

ಆಸ್ಪತ್ರೆಯಲ್ಲಿ ಅವನು ನನಗೆ ಹೇಳಿದ್ದು ಒಂದೇ ಮಾತು. "ಮೆತ್ತಗೇ ಇಳಿಸ್ದೆ ಸಾರ್. ನಮ್ಮಮ್ಮನಾಣೆ, ಮೆತ್ತಗೇ ಇಳಿಸ್ದೆ."

ಶಾಲೆಯವರು ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬಲಿಲ್ಲ. ಕಲಿಯುವವರೆಲ್ಲ ಹಾಗೇ ಹೇಳುತ್ತಾರೆ. ವಿಮಾನವನ್ನು ನೆಲಕ್ಕೆ ಕುಕ್ಕಿದ್ದಾನೆ ಎಂದು ನಾನು ಬರೆದರೆ ಅವನ ಹಾರಾಟ ಅಲ್ಲಿಗೆ ಮುಗಿಯುತ್ತಿತ್ತು.

ಗುರುವಾರ ಸ್ಥಳಕ್ಕೆ ಹೋದೆ. ಆ ಶಾಲೆಯ ಹಿರಿಯ ಮೆಕ್ಯಾನಿಕ್ ಹುಸೇನ್ ಸಾಹೇಬರು ಜೊತೆಗಿದ್ದರು. ಕಾಲನ್ನು ವಿಮಾನದ ಒಡಲಿಗೆ ಸೇರಿಸುವ ದಪ್ಪ ಬೋಲ್ಟು ನಡುವೆ ತುಂಡಾಗಿತ್ತು. ಒಂದು ತುಂಡು ತೂತಿನಲ್ಲೇ ಇತ್ತು. ಆದರೆ ಅದರ ಮುರಿದ ಬಾಯಿ ನೆಲಕ್ಕೆ ಉಜ್ಜಿ ಸವೆದು ಹೋಗಿತ್ತು, ಒಂದು ಅಂಚು ಮಾತ್ರ ಉಳಿದಿತ್ತು. ಅದರಿಂದ ಏನೂ ಹೇಳುವಂತಿರಲಿಲ್ಲ. ತಲೆಯ ಕಡೆಯ ತುಂಡು ಬೇಕಿತ್ತು. ಮಧ್ಯಾಹ್ನದವರೆಗೆ ಇಬ್ಬರೂ ಬಗ್ಗಿ ಹುಡುಕಿದೆವು.

ಪಕ್ಕದ ಕಡಲೆಕಾಯಿ ಹೊಲದಲ್ಲಿ ಮುನಿಯಮ್ಮ ಎಂಬ ಹೆಂಗಸು ಕಳೆ ತೆಗೆಯುತ್ತಿದ್ದಳು. ಕೊನೆಗೆ ಬದುವಿನ ಮೇಲೆ ಬಂದು ನಿಂತು ಕೇಳಿದಳು. "ಏನ್ ಸ್ವಾಮಿ ಹುಡುಕ್ತಾ ಇದೀರಿ, ಇನುಮು ತುಂಡಾ, ಕಬ್ಬಿಣದ್ದು? ಬೆಳ್ಳಿ ಥರ ಹೊಳೀತಿತ್ತು, ಅದಾ? ಅದು ಸೋಮವಾರವೇ ಸಿಕ್ತಲ್ಲಪ್ಪ. ಮೇಷ್ಟ್ರಿಗೆ ಕೊಟ್ಟೆ."

ವಾರದ ಲೆಕ್ಕ ತಪ್ಪಿದ್ದಾಳೆ ಎಂದುಕೊಂಡು ಊರಿನ ಶಾಲೆಗೆ ನಡೆದೆವು. ಮೇಷ್ಟ್ರು ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಬೀರುವಿನಿಂದ ತುಂಡನ್ನು ತೆಗೆದು ನನ್ನ ಕೈಗೆ ಕೊಟ್ಟರು. ಅದೇ ಬೋಲ್ಟು. ಯಾವತ್ತು ಸಿಕ್ಕಿತೆಂದು ಕೇಳಿದೆ.

"ಸೋಮವಾರ. ಅವತ್ತು ಡ್ರಾಯಿಂಗ್ ಕ್ಲಾಸು. ಇದನ್ನೇ ಮೇಜಿನ ಮೇಲಿಟ್ಟು ಬರೆಸ್ದೆ" ಎಂದು ಮಕ್ಕಳ ಪುಸ್ತಕಗಳ ಕಟ್ಟನ್ನು ಮುಂದಿಟ್ಟರು. ಪುಟಪುಟದಲ್ಲೂ ಸೊಟ್ಟಸೊಟ್ಟಾಗಿ ಆ ಬೋಲ್ಟಿನ ತಲೆ, ಮುರಿದ ಬಾಯಿ. ಕೆಳಗೆ ಕೆಂಪು ಶಾಯಿಯಲ್ಲಿ ಮೇಷ್ಟ್ರ ಸಹಿ, ಸೋಮವಾರದ ತಾರೀಖು.

ಹುಸೇನ್ ಸಾಹೇಬರು ಆ ತಾರೀಖಿನ ಮೇಲೆ ಬೆರಳಿಟ್ಟರು. "ಸೋಮವಾರ ಈ ವಿಮಾನ ಹೊರಗೇ ಬಂದಿಲ್ಲ ಸಾರ್, ಬೆಂಗಳೂರಿನ ಶೆಡ್ಡಲ್ಲಿತ್ತು. ಮಂಗಳವಾರ ಬೆಳಿಗ್ಗೆ ಈ ಬೋಲ್ಟಿಗೆ ನಾನೇ ಸ್ಪ್ಯಾನರ್ ಹಾಕಿದೀನಿ."

ಅವರು ಸುಳ್ಳು ಹೇಳುತ್ತಿದ್ದರೆಂದೇ ಇಟ್ಟುಕೊಳ್ಳಿ. ಆ ಬೋಲ್ಟಿಲ್ಲದೆ ವಿಮಾನ ನೆಲದ ಮೇಲೆ ನಿಲ್ಲುವುದೇ ಇಲ್ಲ. ಮಂಗಳವಾರ ಅದು ನಾಲ್ಕು ಸಲ ಇಳಿದು ಏರಿತ್ತು. ಬೇರೆ ವಿಮಾನದ ಬೋಲ್ಟಿರಬಹುದು ಎಂದು ನನಗೂ ಹೊಳೆಯಿತು. ಎರಡೂ ತುಂಡು ಕಚೇರಿಗೆ ತಂದು, ಮೊದಲಿನದರ ಉಳಿದ ಅಂಚಿಗೆ ಈ ತುಂಡನ್ನು ಹೊಂದಿಸಿ ಭೂತಗನ್ನಡಿಯಲ್ಲಿ ನೋಡಿದೆ. ಹಲ್ಲಿಗೆ ಹಲ್ಲು ಕೂತಿತು. ಇನ್ನೊಮ್ಮೆ ತೆಗೆದು ಹೊಂದಿಸಿದೆ. ಆಗಲೂ ಕೂತಿತು.

ಮುರಿದ ಬಾಯಿ ಹೇಳಿದ ಕಥೆ ಮಾತ್ರ ಸ್ಪಷ್ಟವಾಗಿತ್ತು. ಬಿರುಕು ಹಳೆಯದು. ತಿಂಗಳುಗಟ್ಟಲೆ ಒಳಗೊಳಗೇ ಬೆಳೆದದ್ದು, ಹೊರಗಿನಿಂದ ಯಾವ ಮೆಕ್ಯಾನಿಕ್ಕಿನ ಕಣ್ಣಿಗೂ ಬೀಳುವಂಥದ್ದಲ್ಲ. ಹುಡುಗ ನಿಜವಾಗಿಯೂ ಮೆತ್ತಗೇ ಇಳಿಸಿದ್ದ.

ವರದಿ ಬರೆಯಲು ಕೂತಾಗ ಕೈ ತಡೆಯಿತು. ಅಪಘಾತಕ್ಕೆ ಎರಡು ದಿನ ಮೊದಲೇ ಸಿಕ್ಕ ತುಂಡು ಎಂದು ಬರೆದರೆ ಅದನ್ನು ಯಾರು ಸಾಕ್ಷಿಯೆಂದು ಒಪ್ಪುತ್ತಾರೆ? ಹುಡುಗನನ್ನು ಉಳಿಸಲು ಅದೊಂದೇ ಇತ್ತು. "ಪಕ್ಕದ ಹೊಲದಲ್ಲಿ ದೊರೆಯಿತು" ಎಂದಷ್ಟೇ ಬರೆದೆ, ದಿನ ಬರೆಯಲಿಲ್ಲ. ನನ್ನ ಸೇವೆಯಲ್ಲಿ ಬೇಕೆಂದೇ ಬಿಟ್ಟ ಸಂಗತಿ ಅದೊಂದೇ. ಹುಡುಗ ಮತ್ತೆ ಹಾರಿದ.

ಎರಡು ವರ್ಷದ ಮೇಲೆ ಹಿಂದೂಪುರಕ್ಕೆ ರೈಲಿನಲ್ಲಿ ಹೋಗುತ್ತಿದ್ದವನು ಗೌರಿಬಿದನೂರಿನಲ್ಲಿ ಇಳಿದುಬಿಟ್ಟೆ. ಆ ಮೇಷ್ಟ್ರನ್ನು ಹುಡುಕಿಕೊಂಡು ಹೋಗಿ, ತಾರೀಖು ಹಾಕುವಾಗ ಕೈತಪ್ಪಿರಬಹುದೇ ಎಂದು ಕೇಳಿದೆ. ಅವರು ಬೇಸರಪಡಲಿಲ್ಲ.

"ಸೋಮವಾರವೇ ಸಾರ್. ನಂಗೇನೂ ಅನುಮಾನ ಇಲ್ಲ" ಎಂದರು. ಆಮೇಲೆ ಕೇಳಿದರು: "ನಿಮಗೆ ಬುಧವಾರದ ಮೇಲೆ ಏನಾದ್ರೂ ಅನುಮಾನ ಇದೆಯಾ?"

ನನಗೂ ಇರಲಿಲ್ಲ. ಇವತ್ತಿಗೂ ಇಲ್ಲ.